ತನ್ನ ದನಿ ತನಗೆ ಕೇಳಬೇಕು

ಹೋದ ವರ್ಷ ದಸರಾ ರಜೆಯಲ್ಲಿ ನನ್ನ ತಂಗಿಯ ಮಗಳು ಬಂದವಳೇ, ಚಪ್ಪಲಿ ಬಿಡುವ ಮೊದಲೇ, “ದೊಡ್ಡಮ್ಮಾ, ಹೊಸ ಮಿಕ್ಸರ್ ತಗೊಂಡೆ, ನೋಡು ಬಾ” ಎಂದು ಕೂಗಿದಳು. ನಾನು ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ನಮ್ಮ ಮನೆಯ ಮಿಕ್ಸಿಯ ಜಾರು ಸೋರಲು ಶುರುವಾಗಿ ಆರು ತಿಂಗಳಾಗಿತ್ತು. ಹುಡುಗಿ ಎಷ್ಟು ಜಾಣೆ, ದೊಡ್ಡಮ್ಮನ ಕಷ್ಟ ಅರ್ಥ ಮಾಡಿಕೊಂಡಳಲ್ಲ ಎಂದು ಹಿಗ್ಗಿ, “ಜಾರು ಮೂರು ಕೊಟ್ಟಿದ್ದಾರೋ ನಾಲ್ಕೋ?” ಎನ್ನುತ್ತ ಕೈ ಒರೆಸಿಕೊಂಡು ಹಜಾರಕ್ಕೆ ಬಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಜಿನ ಮೇಲಿದ್ದದ್ದು ಮಕ್ಕಳ ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ. ಮೈತುಂಬ ತಿರುಗಿಸುವ ಗುಂಡಿಗಳು. ಪಕ್ಕದಲ್ಲಿ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ, ಹುಣಿಸೆಬೀಜದಂಥ ಎರಡು ಪುಟ್ಟ ವಸ್ತುಗಳು, ಅವಕ್ಕೆ ಅಂಟಿಕೊಂಡ ತೆಳ್ಳನೆಯ ವಯರು.

ಅವಳು ಒಂದು ಭಾವಗೀತೆಯ ತಂಡದಲ್ಲಿ ಹಾಡುತ್ತಾಳೆ. ವೇದಿಕೆಯ ಮೇಲೆ ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲೆಂದು ಮಾಡುವ ಏರ್ಪಾಡಿಗೆ ಮಾನಿಟರ್ ಎನ್ನುತ್ತಾರಂತೆ. ನನಗೆ ಗೊತ್ತಿದ್ದ ಮಾನಿಟರ್ ಎಂದರೆ ಟೀಚರ್ ಹೊರಗೆ ಹೋದಾಗ ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವ ಹುಡುಗ. ಈ ಮಾನಿಟರ್ ಕಿವಿಯೊಳಗೇ ಕೂರುತ್ತದೆ. ತಬಲ, ಕೀಬೋರ್ಡು, ಕೊಳಲು, ಸಹಗಾಯಕಿಯರ ದನಿ, ತನ್ನ ದನಿ ಎಲ್ಲವೂ ಬೇರೆಬೇರೆಯಾಗಿ ಆ ಪೆಟ್ಟಿಗೆಗೆ ಬಂದು ಸೇರುತ್ತವೆ. ಯಾವುದು ಎಷ್ಟು ಬೇಕೋ ಅಷ್ಟನ್ನು ಹಾಡುವವಳೇ ಗುಂಡಿ ತಿರುಗಿಸಿ ತನ್ನ ಕಿವಿಗೆ ಬಡಿಸಿಕೊಳ್ಳಬಹುದು. ಪಂಕ್ತಿಯಲ್ಲಿ ಕೂತವರಿಗೆಲ್ಲ ಬಡಿಸುವವರು ಒಂದೇ ಅಳತೆಯಲ್ಲಿ ಸಾರು ಹುಯ್ದುಕೊಂಡು ಹೋಗುವ ಬದಲು, ಪ್ರತಿ ಎಲೆಯ ಮುಂದೆಯೂ ಒಂದೊಂದು ಪುಟ್ಟ ಪಾತ್ರೆ, ಒಂದೊಂದು ಸೌಟು ಇಟ್ಟ ಹಾಗೆ.

ನಾನು ಪಾಠ ಮಾಡುವುದು ಸಮಾಜ ವಿಜ್ಞಾನ. ಮೂವತ್ತು ವರ್ಷದಿಂದ ಇತಿಹಾಸ ಹೇಳಿ ಹೇಳಿ, ಯಾವ ವಸ್ತು ಕಂಡರೂ ಇದು ಎಲ್ಲಿಂದ ಬಂತು ಎಂದು ಹಿಂದೆ ಹಿಂದೆ ಹೋಗುವುದು ಚಟವಾಗಿಬಿಟ್ಟಿದೆ. ಈ ಪೆಟ್ಟಿಗೆಯ ವಿಷಯದಲ್ಲಿ ಆ ಚಟಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಹಾಡುವವರಿಗೆ ತಮ್ಮ ದನಿ ಕೇಳಿಸಬೇಕು ಎಂಬುದು ಹೊಸ ಕಾಲದ ಬೇಡಿಕೆಯೇನೂ ಅಲ್ಲ. ನಮ್ಮ ಕಚೇರಿಗಳಲ್ಲಿ ತಂಬೂರಿಯವರು ಗಾಯಕರ ಬೆನ್ನ ಹಿಂದೆ, ಕಿವಿಗೆ ಹತ್ತಿರವಾಗಿ ಕೂರುವುದು ಯಾತಕ್ಕೆ? ಶ್ರುತಿ ಮೊದಲು ಸಭಿಕರಿಗಲ್ಲ, ಹಾಡುವವರಿಗೆ ಸಿಗಬೇಕು. ಗುಬ್ಬಿ ಕಂಪೆನಿಯಂಥ ನಾಟಕ ಮಂಡಳಿಗಳಲ್ಲಿ ರಂಗದ ಮುಂದೆ ಹಾರ್ಮೋನಿಯಂ ಮೇಷ್ಟ್ರು ಕೂತಿರುತ್ತಿದ್ದರು. ರಾಜಪಾರ್ಟಿನವರು ಎಷ್ಟು ಎತ್ತರಕ್ಕೆ ಹೋದರೂ ಅವರ ಕಿವಿಯ ಒಂದು ತುದಿ ಆ ಹಾರ್ಮೋನಿಯಂಗೆ ಕಟ್ಟಿಕೊಂಡಿರುತ್ತಿತ್ತು. ಹೊಲದಲ್ಲಿ ಸೋಬಾನೆ ಹೇಳುವ ಹೆಂಗಸರು ದನಿ ಏರಿಸುವಾಗ ಒಂದು ಕೈಯನ್ನು ಕಿವಿಗೆ ಒತ್ತಿಕೊಳ್ಳುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಒಂದು ಪೈಸೆಯ ಖರ್ಚಿಲ್ಲದ ಮಾನಿಟರ್ ಅದು.

ತನ್ನ ದನಿ ತನಗೆ ಕೇಳದಿದ್ದರೆ ಏನಾಗುತ್ತದೆ? ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ಕಿವಿ ವೈದ್ಯ 1911ರಲ್ಲಿ ಅದನ್ನು ಬರೆದಿಟ್ಟ. ಮಾತಾಡುತ್ತಿರುವವರ ಕಿವಿಗೆ ಬೇರೊಂದು ಗದ್ದಲ ತುಂಬಿದರೆ, ಅವರಿಗೇ ತಿಳಿಯದ ಹಾಗೆ ಅವರ ದನಿ ಏರುತ್ತದೆ. ಗದ್ದಲ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ. ಇದಕ್ಕೆ ಇಂದಿಗೂ ಅವನ ಹೆಸರೇ ಇದೆ. ಅರವತ್ತು ಮಕ್ಕಳ ತರಗತಿಯಲ್ಲಿ, ಪಕ್ಕದ ಕೋಣೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ ಪಾಠ ಮಾಡಿದ ಯಾವ ಟೀಚರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಮನೆಗೆ ಬಂದು, “ಯಾಕೆ ಕೂಗಾಡ್ತೀಯಾ?” ಎಂದು ಗಂಡನಿಂದ ಅನ್ನಿಸಿಕೊಂಡವರು ನನ್ನಂಥವರು ಎಷ್ಟು ಜನವೋ. ಹಾಡುವವರ ಕಷ್ಟ ಇನ್ನೂ ಹೆಚ್ಚು. ಅವರ ದನಿ ಏರುವುದಷ್ಟೇ ಅಲ್ಲ, ಶ್ರುತಿಯೂ ಜಾರುತ್ತದೆ, ಗಂಟಲೂ ಕೆಡುತ್ತದೆ.

ಇನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಆ ಬೀಜಗಳ ಕಥೆ. ಅದು ಸಂಗೀತಕ್ಕಿಂತ ಮೊದಲು ಟೆಲಿಫೋನಿನಿಂದ ಶುರುವಾಗುತ್ತದೆ. 1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಕ್ಲೆಮಾ ಅಡೇರ್ ಎಂಬಾತ ಒಪೆರಾ ರಂಗಮಂದಿರದ ವೇದಿಕೆಯ ಮುಂಭಾಗದಲ್ಲಿ ಸಾಲಾಗಿ ಟೆಲಿಫೋನ್ ಯಂತ್ರಗಳನ್ನಿಟ್ಟು, ತಂತಿ ಎಳೆದು, ಪ್ರದರ್ಶನಕ್ಕೆ ಬಂದವರಿಗೆ ಅಲ್ಲಿಂದಲೇ ಸಂಗೀತ ಕೇಳಿಸಿದ. ಎರಡು ಕಿವಿಗೆ ಎರಡು ಕೇಳುಗೊಳವೆ. ಹಾಡುವವರು ವೇದಿಕೆಯ ಎಡದಿಂದ ಬಲಕ್ಕೆ ನಡೆದರೆ ದನಿಯೂ ಒಂದು ಕಿವಿಯಿಂದ ಇನ್ನೊಂದಕ್ಕೆ ನಡೆದಂತೆ ಕೇಳುತ್ತಿತ್ತು. ಹತ್ತು ವರ್ಷದ ಮೇಲೆ, 1891ರಲ್ಲಿ, ಅರ್ನೆಸ್ಟ್ ಮರ್ಕಾಡಿಯೆ ಎಂಬ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಕಿವಿಯೊಳಗೇ ಕೂರುವ ಹಗುರವಾದ ಕೇಳುಯಂತ್ರಕ್ಕೆ ಪೇಟೆಂಟ್ ಪಡೆದ. ಇಂದು ನಮ್ಮ ಬಸ್ಸುಗಳಲ್ಲಿ ಹುಡುಗರು ಕಿವಿಗೆ ಚುಚ್ಚಿಕೊಂಡು ಕೂರುವ ಇಯರ್‌ಫೋನಿನ ಮುತ್ತಜ್ಜ ಅದು.

ಆ ಯಂತ್ರ ಹಗುರವಾಗಬೇಕೆಂದು ಅವನು ಬಯಸಿದ್ದು ಟೆಲಿಫೋನ್ ಆಪರೇಟರುಗಳಿಗಾಗಿ. ಆ ಹೊತ್ತಿಗೆ ಆ ಕೆಲಸ ಹೆಂಗಸರದಾಗಿಬಿಟ್ಟಿತ್ತು. 1878ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಕೆಲಸಕ್ಕೆ ಸೇರಿದ್ದೇ ಮೊದಲು. ಅಲ್ಲಿಯ ತನಕ ಇದ್ದ ಹುಡುಗರು ಗಿರಾಕಿಗಳ ಮೇಲೆ ರೇಗಾಡುತ್ತಿದ್ದರಂತೆ. ದಿನವಿಡೀ ಊರಿನವರ ಮಾತೆಲ್ಲ ಕಿವಿಗೆ ತುಂಬಿಸಿಕೊಂಡು ದುಡಿದವರು ಹೀಗೆ ಹೆಣ್ಣುಮಕ್ಕಳು. ಮುಂದೆ 1910ರ ಸುಮಾರಿಗೆ ಯೂಟಾ ಪ್ರಾಂತ್ಯದ ನಥಾನಿಯಲ್ ಬಾಲ್ಡ್‌ವಿನ್ ತನ್ನ ಮನೆಯ ಅಡುಗೆಕೋಣೆಯಲ್ಲಿ ಕೂತು ತಲೆಗೆ ಹಾಕಿಕೊಳ್ಳುವ ಹೆಡ್‌ಫೋನ್ ಮಾಡಿ ಅಮೆರಿಕದ ನೌಕಾಪಡೆಗೆ ಮಾರಿದ. ಅಡುಗೆಮನೆಗೂ ಈ ಸಾಮಗ್ರಿಗಳಿಗೂ ಹಳೆಯ ನಂಟು ಎಂದು ಓದಿದಾಗ ನನ್ನ ಮಿಕ್ಸಿಯ ಬಗೆಗಿನ ನಾಚಿಕೆ ಅರ್ಧ ಕಡಿಮೆಯಾಯಿತು.

ಆದರೆ ಇವೆಲ್ಲ ಕೇಳುವವರ ಕಿವಿಗೆ ಬಂದ ಯಂತ್ರಗಳು. ಹಾಡುವವರನ್ನು ಯಾರೂ ವಿಚಾರಿಸಿಕೊಂಡಿರಲಿಲ್ಲ. ಮೈಕು ಬಂತು, ಸ್ಪೀಕರು ಬಂತು, ಸ್ಪೀಕರೆಲ್ಲ ಸಭಿಕರ ಕಡೆ ಮುಖ ಮಾಡಿ ನಿಂತವು. ಹಾಡುವವರಿಗೆ ಸಿಕ್ಕಿದ್ದು ಅವುಗಳ ಬೆನ್ನು. ಅವರ ಕಡೆ ಒಂದು ಸ್ಪೀಕರ್ ತಿರುಗಿದ ಮೊದಲ ಸಂದರ್ಭವೆಂದು ಹೇಳುವುದು 1961ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಜೂಡಿ ಗಾರ್ಲಂಡ್ ಎಂಬ ಗಾಯಕಿಯ ಕಾರ್ಯಕ್ರಮವನ್ನು. ನಾಲ್ಕು ವರ್ಷ ಕಳೆದು, 1965ರ ಆಗಸ್ಟ್ 15ರಂದು, ಇಂಗ್ಲೆಂಡಿನ ಬೀಟಲ್ಸ್ ತಂಡ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಹಾಡಿತು. ಐವತ್ತೈದು ಸಾವಿರ ಜನ, ಹೆಚ್ಚಿನವರು ಹದಿಹರೆಯದ ಹುಡುಗಿಯರು. ಅವರ ಕಿರುಚಾಟದ ಮುಂದೆ ವೇದಿಕೆಯ ಮೇಲಿದ್ದ ನಾಲ್ವರಿಗೆ ತಾವು ಏನು ಬಾರಿಸುತ್ತಿದ್ದೇವೆ, ಏನು ಹಾಡುತ್ತಿದ್ದೇವೆ ಎಂಬುದೇ ಕೇಳುತ್ತಿರಲಿಲ್ಲ. ಹಿಂದೆ ಕೂತ ಡ್ರಮ್ಮಿನ ರಿಂಗೋ ಸ್ಟಾರ್, ಮುಂದಿನವರ ಬೆನ್ನು ಅಲ್ಲಾಡುವುದನ್ನು ನೋಡಿಕೊಂಡು ಹಾಡು ಎಲ್ಲಿಗೆ ಬಂದಿದೆ ಎಂದು ಊಹಿಸುತ್ತಿದ್ದುದನ್ನು ಆಮೇಲೆ ಹೇಳಿಕೊಂಡಿದ್ದಾನೆ. ಮರುವರ್ಷದ ಆಗಸ್ಟಿಗೆ ಅವರು ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿದರು. ಕಾರಣಗಳು ಹಲವು. ತಮ್ಮ ಹಾಡು ತಮಗೇ ಕೇಳುತ್ತಿರಲಿಲ್ಲ ಎಂಬುದು ಅವುಗಳಲ್ಲಿ ಒಂದು.

ಅಲ್ಲಿಂದಾಚೆಗೆ ಬಿಲ್ ಹ್ಯಾನ್ಲಿಯಂಥ ಧ್ವನಿ ತಂತ್ರಜ್ಞರು ವೇದಿಕೆಯ ನೆಲದ ಮೇಲೆ, ಹಾಡುವವರ ಮುಖಕ್ಕೆ ಓರೆಯಾಗಿ ಸ್ಪೀಕರ್ ಇಡುವುದನ್ನು ರೂಢಿಗೆ ತಂದರು. 1969ರ ವುಡ್‌ಸ್ಟಾಕ್ ಸಂಗೀತ ಮೇಳಕ್ಕೆ ಧ್ವನಿ ಏರ್ಪಾಡು ಮಾಡಿದವನೂ ಇದೇ ಹ್ಯಾನ್ಲಿ. ಒಂದು ಕಷ್ಟ ತೀರಿತು, ಇನ್ನೊಂದು ಹುಟ್ಟಿತು. ಗಿಟಾರಿನವನು ತನಗೆ ಕೇಳುವುದಿಲ್ಲವೆಂದು ತನ್ನ ಸ್ಪೀಕರ್ ಏರಿಸಿದ, ಅದು ಜಾಸ್ತಿಯಾಯಿತೆಂದು ಹಾಡುವವಳು ತನ್ನದನ್ನು ಏರಿಸಿದಳು. ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೊಕ್ಕು ಕುಯ್ಯೋ ಎಂದು ಕೂಗುವುದು ನಮ್ಮ ಗಣೇಶನ ಪೆಂಡಾಲುಗಳಲ್ಲಿ ಎಲ್ಲರೂ ಕೇಳಿದ್ದೇ. ಈ ಪೈಪೋಟಿ ಎಲ್ಲಿಗೆ ಮುಟ್ಟಿತೆಂದರೆ, 1976ರಲ್ಲಿ ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ‘ದಿ ಹೂ’ ಎಂಬ ತಂಡದ ಸದ್ದು ಸ್ಪೀಕರುಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಎಂದು ಅಳೆದು ಗಿನ್ನೆಸ್ ಪುಸ್ತಕದಲ್ಲಿ ದಾಖಲೆಯಾಗಿ ಬರೆದರು. ಮುಂದೆ ಕಿವಿಗೆ ಹಾನಿ ಮಾಡುವ ಪೈಪೋಟಿಗೆ ಕುಮ್ಮಕ್ಕು ಕೊಡಬಾರದೆಂದು ಗಿನ್ನೆಸಿನವರೇ ಆ ದಾಖಲೆಯ ವಿಭಾಗವನ್ನು ಕೈಬಿಟ್ಟರು.

ಇಲ್ಲಿ ನನ್ನ ಕಥೆಗೆ ಬರಬೇಕು. ನಾನೂ ಹಾಡುತ್ತಿದ್ದೆ. 1994ರಿಂದ ಸುಮಾರು ಒಂಬತ್ತು ವರ್ಷ, ನಮ್ಮ ಜಿಲ್ಲೆಯ ಒಂದು ಸುಗಮ ಸಂಗೀತ ತಂಡದಲ್ಲಿ ಹಿಮ್ಮೇಳಕ್ಕಿದ್ದೆ. ರಾಜ್ಯೋತ್ಸವ, ಗಣೇಶೋತ್ಸವ, ಜಾತ್ರೆ, ಮದುವೆಯ ಆರತಕ್ಷತೆ, ಯಾವುದಕ್ಕೂ ಇಲ್ಲವೆನ್ನುತ್ತಿರಲಿಲ್ಲ. ಮೈಕ್‌ಸೆಟ್ಟಿನವರು ಸಂಜೆ ನಾಲ್ಕಕ್ಕೆ ಬಂದು, ಆಳೆತ್ತರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮುಖ್ಯ ಗಾಯಕರ ಕಾಲ ಬಳಿ ಒಂದು ಸ್ಪೀಕರ್ ಇರುತ್ತಿತ್ತು. ಹಿಮ್ಮೇಳದ ಹೆಂಗಸರಿಗೆ ಏನೂ ಇಲ್ಲ. ಆದ್ದರಿಂದ ನಾನು ವೇದಿಕೆಯ ಅಂಚಿಗೆ, ಆ ದೊಡ್ಡ ಪೆಟ್ಟಿಗೆಗಳ ಪಕ್ಕಕ್ಕೇ ಸರಿದು ನಿಲ್ಲುತ್ತಿದ್ದೆ. ಅಲ್ಲಿ ನಿಂತರೆ ನನ್ನ ದನಿ ಒಂದಿಷ್ಟಾದರೂ ಕಿವಿಗೆ ಬೀಳುತ್ತಿತ್ತು. ಕಾರ್ಯಕ್ರಮ ಮುಗಿದು ಮನೆಗೆ ಬಂದು ಮಲಗಿದರೆ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಸದ್ದು. ಹತ್ತಿ ತುರುಕಿದ ಹಾಗೆ ಮಂಕು. ಬೆಳಿಗ್ಗೆ ಸರಿಹೋಗುತ್ತಿತ್ತು. ಸರಿಹೋಯಿತೆಂದು ನಾನು ಅಂದುಕೊಳ್ಳುತ್ತಿದ್ದೆ ಎನ್ನುವುದು ಹೆಚ್ಚು ಸರಿ. ಒಂದು ನವೆಂಬರಿನ ಕಾರ್ಯಕ್ರಮದ ಮೇಲೆ ಜೀರುಂಡೆ ಬೆಳಿಗ್ಗೆಯೂ ನಿಲ್ಲಲಿಲ್ಲ. ಎಡಗಿವಿಯಲ್ಲಿ ಅದು ಈಗಲೂ ಇದೆ. ಸಂಸಾರ ಹೆಚ್ಚಾಯಿತು ಎಂದು ಹೇಳಿ ತಂಡ ಬಿಟ್ಟೆ. ಕಾರಣ ಯಾರಿಗೂ ಹೇಳಲಿಲ್ಲ.

ನನ್ನ ಹಾಗೆಯೇ ಒಬ್ಬಳು ಅಮೆರಿಕದಲ್ಲಿದ್ದಳು ಎಂದು ಈಗ ಓದಿ ತಿಳಿದೆ. ಕ್ಯಾಥಿ ಪೆಕ್ ಎಂಬಾಕೆ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಹೆಂಗಸರ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದಳು. 1984ರಲ್ಲಿ ಒಂದು ದೊಡ್ಡ ಕ್ರೀಡಾಂಗಣದಲ್ಲಿ ಬಾರಿಸಿ ಬಂದ ಮೇಲೆ ಅವಳ ಕಿವಿಯ ಸದ್ದು ದಿನಗಟ್ಟಲೆ ನಿಲ್ಲಲಿಲ್ಲ, ಶ್ರವಣ ಶಕ್ತಿ ಕುಂದಿತು. ನಾನು ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತೆ. ಅವಳು 1988ರಲ್ಲಿ ಒಬ್ಬ ವೈದ್ಯರನ್ನು ಜೊತೆಗೂಡಿಸಿಕೊಂಡು, ಸಂಗೀತಗಾರರ ಕಿವಿ ಉಳಿಸಲೆಂದೇ ಒಂದು ಸಂಸ್ಥೆ ಕಟ್ಟಿದಳು. ಕಿವಿ ಪರೀಕ್ಷೆ, ಕಿವಿಗೆ ಹಾಕುವ ಬಿರಡೆ, ತಿಳಿವಳಿಕೆ ಇವೇ ಅದರ ಕೆಲಸ. ಆ ಸಂಸ್ಥೆಗೆ ಶುರುವಿನಲ್ಲಿ ಹಣ ಕೊಟ್ಟವರಲ್ಲಿ ಒಬ್ಬ ಪೀಟ್ ಟೌನ್‌ಶೆಂಡ್. 126 ಡೆಸಿಬಲ್ಲಿನ ಆ ತಂಡದ ಗಿಟಾರಿನವನೇ ಅವನು. ಅವನ ಕಿವಿಯೂ ಕೆಟ್ಟಿತ್ತು.

ಹೀಗೆ ನೆಲದ ಸ್ಪೀಕರನ್ನು ಎತ್ತಿ ಕಿವಿಯೊಳಗೆ ಇಡುವ ಯೋಚನೆಗೆ ಕಾಲ ಹದವಾಯಿತು. ಸ್ಟೀಫನ್ ಆಂಬ್ರೋಸ್ ಎಂಬಾತ 1960ರ ದಶಕದಲ್ಲೇ, ಇನ್ನೂ ಹುಡುಗನಾಗಿದ್ದಾಗ ಇದರ ಪ್ರಯೋಗ ಶುರು ಮಾಡಿದ್ದ. ಮುಂದೆ ಸ್ಟೀವಿ ವಂಡರ್‌ನಂಥ ಹೆಸರಾಂತ ಗಾಯಕರು ಇಂಥವನ್ನು ಬಳಸಿದರು. ಹುಟ್ಟಿನಿಂದಲೇ ಎಂಬಷ್ಟು ಎಳವೆಯಲ್ಲಿ ಕಣ್ಣು ಕಳೆದುಕೊಂಡ ಆ ಗಾಯಕನಿಗೆ ವೇದಿಕೆಯ ಮೇಲೆ ಕಿವಿಯೇ ಎಲ್ಲ. 1995ರಲ್ಲಿ ಜೆರಿ ಹಾರ್ವಿ ಎಂಬ ಧ್ವನಿ ತಂತ್ರಜ್ಞ, ತಾನು ದುಡಿಯುತ್ತಿದ್ದ ವ್ಯಾನ್ ಹೇಲೆನ್ ತಂಡದ ಡ್ರಮ್ಮಿನವನಿಗಾಗಿ ಕಿವಿಯ ಅಚ್ಚು ತೆಗೆದು, ಅದರೊಳಗೆ ಎರಡು ಪುಟ್ಟ ಸ್ಪೀಕರ್ ಕೂರಿಸಿದ. ತಗ್ಗು ದನಿಗೆ ಒಂದು, ಏರು ದನಿಗೆ ಒಂದು. ಆ ಪುಟ್ಟ ಸ್ಪೀಕರುಗಳ ಜಾತಿ ಯಾವುದು ಗೊತ್ತೇ? ಕಿವುಡರ ಶ್ರವಣಯಂತ್ರಗಳಿಗಾಗಿ ಬೆಳೆದುಬಂದ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬಗೆ. ಕಿವಿ ಹೋದವರಿಗಾಗಿ ಮಾಡಿದ್ದು ಕಿವಿ ಉಳಿಸಿಕೊಳ್ಳುವವರ ಕೆಲಸಕ್ಕೆ ಬಂತು.

ಆದರೂ ಒಂದು ಕೊರತೆ ಉಳಿದಿತ್ತು. ಯಾರ ಕಿವಿಗೆ ಏನು ಎಷ್ಟು ಹೋಗಬೇಕೆಂದು ತೀರ್ಮಾನಿಸುವವನು ದೂರದ ಮಿಕ್ಸರಿನ ಮುಂದೆ ಕೂತವನು. ಹಾಡಿನ ನಡುವೆ ಕೈಸನ್ನೆ, ಕಣ್ಸನ್ನೆ. ಮುಖ್ಯ ಗಾಯಕರ ಸನ್ನೆ ಅವನಿಗೆ ಕಾಣುತ್ತದೆ, ಹಿಂದಿನ ಸಾಲಿನದು ಕಾಣುವುದಿಲ್ಲ. 2000ದ ದಶಕದ ಶುರುವಿನಲ್ಲಿ ಅಮೆರಿಕದ ಏವಿಯಾಮ್ ಎಂಬ ಕಂಪೆನಿ, ಕಂಪ್ಯೂಟರಿಗೆ ಹಾಕುವಂಥ ಒಂದೇ ಒಂದು ವಯರಿನಲ್ಲಿ 16 ದನಿಗಳನ್ನು ಬೇರೆಬೇರೆಯಾಗಿ ಕಳಿಸಿ, ಪ್ರತಿಯೊಬ್ಬರ ಪಕ್ಕಕ್ಕೂ ಒಂದು ಪುಟ್ಟ ಮಿಕ್ಸರ್ ಕೊಟ್ಟಿತು. ಆಮೇಲೆ ಬೇರೆ ಕಂಪೆನಿಗಳೂ ಮಾಡಿದವು, ಬೆಲೆ ಇಳಿಯಿತು. ಹಿಂದಿನ ಸಾಲಿನ ಹೆಂಗಸಿನ ಕೈಗೂ ಗುಂಡಿ ಬಂತು. ನಮ್ಮ ಮೇಜಿನ ಮೇಲೆ ಕೂತಿದ್ದ ಡಬ್ಬಿ ಆ ವಂಶದ್ದು.

ರಜೆಯ ಎರಡನೆಯ ದಿನ ತಂಡದ ಮಕ್ಕಳೆಲ್ಲ ನಮ್ಮ ಮಹಡಿಯ ಕೋಣೆಯಲ್ಲೇ ಅಭ್ಯಾಸಕ್ಕೆ ಸೇರಿದರು. ಪೆಟ್ಟಿಗೆಯನ್ನು ಹೂಡುವ ಕ್ರಮವನ್ನು ತಬಲದ ಹುಡುಗ ಹೇಳಿಕೊಟ್ಟ. ನಾನು ಟೀಚರಲ್ಲವೇ, ನೋಟ್ಸು ಬರೆದುಕೊಂಡೆ. ಮೊದಲು ಎಲ್ಲ ಗುಂಡಿಗಳೂ ಸೊನ್ನೆಗೆ ಬರಬೇಕು. ಮಿಕ್ಸರ್ ಮೊದಲು ಹಾಕಬೇಕು, ಮೈಕುಗಳೆಲ್ಲ ಸಿಕ್ಕಿಸಿ ಆಗಬೇಕು, ಕಿವಿಯ ಬೀಜ ಎಲ್ಲಕ್ಕಿಂತ ಕಡೆಗೆ. ಮುಗಿಸುವಾಗ ತಿರುಗಾ ಮುರುಗಾ: ಕಿವಿಯದ್ದು ಮೊದಲು ತೆಗೆಯಬೇಕು. ಯಾಕೆಂದರೆ ವಯರು ಕೀಳುವಾಗ, ಸ್ವಿಚ್ ಹಾಕುವಾಗ ಬರುವ ಟಪ್ ಎಂಬ ಸದ್ದು ಗುಂಡು ಹೊಡೆದ ಹಾಗೆ ನೇರ ತಮಟೆಗೇ ಬಡಿಯುತ್ತದೆ. ಬೀಜಕ್ಕೆ ತೊಡಿಸುವ ರಬ್ಬರಿನ ಟೋಪಿ ಕಿವಿಯ ಅಳತೆಗೆ ಸರಿಯಾಗಿರಬೇಕು. ಬಿಗಿಯಾಗಿ ಕೂತರೆ ಹೊರಗಿನ ಗದ್ದಲ 20 ಡೆಸಿಬಲ್ಲಿನಷ್ಟೋ ಹೆಚ್ಚೋ ತಗ್ಗುತ್ತದೆ, ಒಳಗೆ ಕಡಿಮೆ ದನಿಯೇ ಸಾಕಾಗುತ್ತದೆ. ಸಡಿಲವಾದರೆ ತಗ್ಗು ದನಿಗಳೆಲ್ಲ ಸೋರಿಹೋಗಿ, ಕೇಳುವುದಿಲ್ಲವೆಂದು ಏರಿಸುತ್ತ ಹೋಗುತ್ತೇವೆ. ನಮ್ಮ ಮಿಕ್ಸಿಯ ಜಾರಿನ ಕಥೆಯೇ.

ಆಮೇಲೆ ಬಡಿಸಿಕೊಳ್ಳುವ ಕ್ರಮ. ಮೊದಲು ತನ್ನ ದನಿ, ಮಾತಾಡುವ ದನಿಗಿಂತ ಒಂದಿಷ್ಟೇ ಮೇಲೆ. ನಂತರ ಶ್ರುತಿಗೆ ಕೀಬೋರ್ಡು, ತಾಳಕ್ಕೆ ತಬಲ. ಉಳಿದದ್ದೆಲ್ಲ ಉಪ್ಪಿನಕಾಯಿಯಷ್ಟು. ತಬಲವನ್ನು ಸ್ವಲ್ಪ ಎಡಕ್ಕೆ, ಕೊಳಲನ್ನು ಸ್ವಲ್ಪ ಬಲಕ್ಕೆ ಸರಿಸಿದರೆ, ಏರಿಸದೆಯೇ ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಯಾವುದಾದರೂ ಕೇಳದಿದ್ದರೆ ಅದನ್ನು ಏರಿಸಬಾರದು, ಉಳಿದವನ್ನು ಇಳಿಸಬೇಕು. ಲಿಮಿಟರ್ ಎಂಬ ತಡೆಯನ್ನು ಹಾಕಿಟ್ಟಿರಬೇಕು, ಅದು ಇದ್ದಕ್ಕಿದ್ದಂತೆ ಬರುವ ದೊಡ್ಡ ಸದ್ದನ್ನು ಮೊಟಕುತ್ತದೆ. ಇನ್ನೊಂದು ಮಾತು. ಕಿವಿ ಮುಚ್ಚಿಕೊಂಡವರಿಗೆ ಸಭಿಕರ ಚಪ್ಪಾಳೆ ಕೇಳುವುದಿಲ್ಲ, ಬಾವಿಯೊಳಗೆ ಕೂತು ಹಾಡಿದ ಹಾಗಾಗುತ್ತದೆ. ಅದಕ್ಕೆ ಬೇಸತ್ತು ಹಲವರು ಒಂದು ಕಿವಿಯದ್ದನ್ನು ಕಿತ್ತು ಹೆಗಲ ಮೇಲೆ ಬಿಟ್ಟುಕೊಳ್ಳುತ್ತಾರೆ. ಅದು ಎರಡು ಕಿವಿಗೂ ಕೆಟ್ಟದ್ದು. ಬಿಚ್ಚಿದ ಕಿವಿಗೆ ವೇದಿಕೆಯ ಗದ್ದಲ, ಉಳಿದದ್ದಕ್ಕೆ ಎರಡರ ಪಾಲಿನ ಸದ್ದು. ಅದರ ಬದಲು ಸಭೆಯ ಕಡೆಗೆ ಒಂದು ಮೈಕಿಟ್ಟು, ಅದರ ದನಿಯನ್ನೂ ಪೆಟ್ಟಿಗೆಗೆ ಸೇರಿಸುವುದು ಒಳ್ಳೆಯದು.

ಇಷ್ಟೆಲ್ಲ ಚೆಂದವಾಗಿ ಹೂಡಿ ಎರಡು ಗಂಟೆ ಹಾಡಿದರು. ನಾನು ಕೆಳಗಿನಿಂದ “ಕಾಫಿ ಆಯ್ತು ಬಾರೇ” ಎಂದು ಕರೆದೆ. ಬೇರೆ ಹುಡುಗರು ಇಳಿದು ಬಂದರು, ಇವಳು ಇಲ್ಲ. ಮೂರು ಸಲ ಕರೆದೆ. ಕಡೆಗೆ ಮೇಲೆ ಹೋದರೆ, ಕಿವಿಯದ್ದನ್ನೆಲ್ಲ ತೆಗೆದಿಟ್ಟು ವಯರು ಸುತ್ತುತ್ತಿದ್ದಾಳೆ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿ, “ಏನಿಲ್ಲ ದೊಡ್ಡಮ್ಮ, ಕಿವೀಲಿ ಹತ್ತಿ ಇಟ್ಟ ಹಾಗಿದೆ. ಬೆಳಿಗ್ಗೆ ಹೊತ್ತಿಗೆ ಸರಿಹೋಗುತ್ತೆ” ಎಂದಳು. ನನ್ನ ಕೈಕಾಲು ತಣ್ಣಗಾದವು. ಇಪ್ಪತ್ತು ವರ್ಷದ ಹಿಂದೆ ನಾನು ಆಡುತ್ತಿದ್ದ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಪೆಟ್ಟಿಗೆಯ ಕಡೆ ನೋಡಿದೆ. ಶುರುವಿನಲ್ಲಿ ಗಡಿಯಾರದ ಒಂಬತ್ತರ ಮುಳ್ಳಿನ ಹಾಗಿದ್ದ ದೊಡ್ಡ ಗುಂಡಿ ಮೂರನ್ನು ದಾಟಿತ್ತು.

ಅವತ್ತು ರಾತ್ರಿ ನಾನು ಅವಳನ್ನು ಕೂರಿಸಿಕೊಂಡು ಲೆಕ್ಕ ಹೇಳಿದೆ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಡೆದೀತು ಎಂದು ಕೆಲಸಗಾರರಿಗಾಗಿ ಅಮೆರಿಕದ ತಜ್ಞರು ಹಾಕಿದ ಗೆರೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100ಕ್ಕೆ ಬಂದರೆ ಬರೀ ಹದಿನೈದು ನಿಮಿಷ. ಎರಡು ಗಂಟೆ ಹಾಡುವವಳ ಲೆಕ್ಕ ಎಲ್ಲಿಗೆ ನಿಲ್ಲಬೇಕೆಂದು ಏಳನೆಯ ತರಗತಿಯ ಮಕ್ಕಳೂ ಹೇಳಿಯಾರು. ವಿಶ್ವ ಆರೋಗ್ಯ ಸಂಸ್ಥೆ ಇಯರ್‌ಫೋನ್ ಕೇಳುವವರಿಗೆ ಇನ್ನೂ ಬಿಗಿಯಾಗಿ, 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ ಎಂದಿದೆ. ನಮ್ಮ ದೇಶದಲ್ಲಿ 2000ದ ಇಸವಿಯ ನಿಯಮ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕವನ್ನು ತಡೆಯುತ್ತದೆ. ಅದು ನೆರೆಹೊರೆಯವರ ನಿದ್ದೆ ಕಾಯುವುದಕ್ಕೆ. ಹಾಡುವವಳ ಕಿವಿಯನ್ನು ಅವಳೇ ಕಾಯಬೇಕು. ಒಳಗಿವಿಯಲ್ಲಿ ಒಂದೊಂದು ಕಡೆಗೆ ಸುಮಾರು 15,000 ಕೂದಲುಕೋಶಗಳು. ಸತ್ತದ್ದು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

“ಇದು ಕಿವಿ ಉಳಿಸೋಕೇ ಅಂತಾನೇ ಬಂದಿರೋದಲ್ವಾ ದೊಡ್ಡಮ್ಮ?” ಎಂದಳು. ಹೌದು, ಆದರೆ ಪೆಟ್ಟಿಗೆಗೆ ಅದು ಗೊತ್ತಿಲ್ಲವಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಗೀತಗಾರರಿಗೆ ನೆಲದ ಸ್ಪೀಕರನ್ನೂ ಕಿವಿಯ ಮಾನಿಟರನ್ನೂ ಕೊಟ್ಟು, ನಿಮಗೆ ಇಷ್ಟವಾದಷ್ಟು ಇಟ್ಟುಕೊಳ್ಳಿ ಎಂದಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಟ್ಟುಕೊಂಡರಂತೆ. ಎಷ್ಟು ಕಡಿಮೆಯಲ್ಲಿ ಸುಧಾರಿಸಬಲ್ಲಿರಿ ಎಂದು ಕೇಳಿದಾಗ ಮಾತ್ರ ಕಿವಿಯ ಮಾನಿಟರಿನಲ್ಲಿ ಚೆನ್ನಾಗಿ ಇಳಿಸಿದರು. ಟೌನ್‌ಶೆಂಡ್ ಕೂಡ, ತನ್ನ ಕಿವಿ ಕೆಟ್ಟದ್ದು ವೇದಿಕೆಯ ಗದ್ದಲಕ್ಕಿಂತ ಹೆಚ್ಚಾಗಿ ಸ್ಟುಡಿಯೋದಲ್ಲಿ ಹಾಕಿಕೊಂಡ ಇಯರ್‌ಫೋನುಗಳಿಂದ ಎಂದು ಮುಂದೆ ಬರೆದುಕೊಂಡ. ಸೌಟು ನಮ್ಮ ಕೈಯಲ್ಲೇ ಇದೆಯೆಂದು ಎಲೆ ತುಂಬ ತುಪ್ಪ ಹುಯ್ದುಕೊಂಡರೆ ಹೊಟ್ಟೆ ಕೆಡುವುದು ನಮ್ಮದೇ.

ಅವಳಿಗೆ ಇದು ಪಾಠದ ಹಾಗೆ ಕೇಳುತ್ತಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆಗ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿ ಹೇಳಿದೆ. ಆರು ವರ್ಷದ ಹಿಂದೆ, ಎಂಟನೆಯ ತರಗತಿ. ಭೂಪಟ ಸರಿಯಾಗಿ ಬರೆಯದ ಒಬ್ಬ ಹುಡುಗಿಗೆ ಇನ್ನೂ ಐದು ಸಲ ಬರಿ ಎಂದೆ. ಮೆತ್ತನೆ ಮಾತಿನ ಹುಡುಗಿ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಿಂದ ಎದ್ದು ನಿಂತು, ಪುಸ್ತಕ ಎತ್ತಿ ಹಿಡಿದು ಏನೋ ಕೇಳಿದಳು. ನನಗೆ ಕೇಳಿದ್ದು “ಯಾಕೆ ಟೀಚರ್?” ಎಂದು. ಬರಿ ಎಂದರೆ ಯಾಕೆ ಎಂದು ಕೇಳುವಷ್ಟು ಬೆಳೆದೆಯಾ ಎಂದು, ಇಡೀ ತರಗತಿಯ ಮುಂದೆ, ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವಳು ಅಳುತ್ತ ಕೂತಳು. ಗಂಟೆ ಹೊಡೆದ ಮೇಲೆ ಪಕ್ಕದ ಹುಡುಗಿ ಹತ್ತಿರ ಬಂದು, “ಟೀಚರ್, ಅವಳು ‘ಸಾಕಾ ಟೀಚರ್’ ಅಂತ ಕೇಳಿದ್ದು” ಎಂದಳು. ಐದು ಸಲವೂ ಬರೆದು ಮುಗಿಸಿದ್ದಳು ಮಗು. ಮರುದಿನ ಅವಳನ್ನು ಕರೆದು ತಪ್ಪಾಯಿತೆಂದು ಹೇಳಿದೆ. ಆದರೆ ಆ ವರ್ಷವೆಲ್ಲ ಅವಳು ನನ್ನ ತರಗತಿಯಲ್ಲಿ ಮತ್ತೆ ಎದ್ದು ನಿಂತು ಏನನ್ನೂ ಕೇಳಲಿಲ್ಲ.

ನನ್ನ ತಂಗಿಯ ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನೀನು ಯಾಕೆ ಇಷ್ಟು ದಿನ ತೋರಿಸ್ಕೊಂಡಿಲ್ಲ?” ಎಂದಳು. ಉತ್ತರ ಇರಲಿಲ್ಲ. ಮದುವೆಗೆ ಮೊದಲು ಕನ್ನಡಕ, ವಯಸ್ಸಾದ ಮೇಲೆ ಕಿವಿಯ ಯಂತ್ರ, ಎರಡನ್ನೂ ನಾವು ಹೆಂಗಸರು ಮುಚ್ಚಿಡುತ್ತ ಬಂದವರು. ರಜೆ ಮುಗಿಯುವ ಮೊದಲು ಇಬ್ಬರೂ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1960ರ ದಶಕದಿಂದ ಇದೇ ಕೆಲಸ ಮಾಡಿಕೊಂಡು ಬಂದದ್ದು. ಸದ್ದೇ ಹೊಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಸಣ್ಣ ಸಣ್ಣ ಸ್ವರ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ಅವಳ ಗೆರೆ ಹೆಚ್ಚುಕಡಿಮೆ ನೇರವಾಗಿತ್ತು. ನನ್ನದು 4,000 ಹರ್ಟ್ಸ್ ಬಳಿ ಹಳ್ಳಕ್ಕೆ ಬಿದ್ದಿತ್ತು. ಗದ್ದಲದಿಂದ ಕೆಟ್ಟ ಕಿವಿಯ ಗುರುತು ಅದಂತೆ. ‘ಸ’ದಂಥ ತೆಳು ಅಕ್ಷರಗಳು ಮೊದಲು ಜಾರುವುದು ಅಲ್ಲಿಂದಲೇ. ನನಗೆ ಶ್ರವಣಯಂತ್ರ ಹೇಳಿದರು, ತೆಗೆದುಕೊಂಡೆ. ಅವಳ ಕಿವಿಯ ಬೀಜಕ್ಕೂ ನನ್ನದಕ್ಕೂ ದೂರದ ನೆಂಟಸ್ತನ.

ಡಿಸೆಂಬರಿನಲ್ಲಿ ಅವರ ತಂಡದ ಕಾರ್ಯಕ್ರಮ ನಮ್ಮ ಊರಿನಲ್ಲೇ ಆಯಿತು. ಸಂಜೆ ಐದಕ್ಕೇ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತೆ. ಪೆಟ್ಟಿಗೆಯ ದೊಡ್ಡ ಗುಂಡಿಯ ಪಕ್ಕದಲ್ಲಿ ಅವಳು ಉಗುರಿನ ಕೆಂಪು ಬಣ್ಣದಿಂದ ಒಂದು ಚುಕ್ಕಿ ಇಟ್ಟಿದ್ದಳು, ಇದನ್ನು ದಾಟಬಾರದೆಂದು. ಮೈಕಿನವರು ಪರೀಕ್ಷೆ ನೋಡುವಾಗ ಅವಳು ಒಂದು ಆಲಾಪ ಹಾಡಿ, ಗುಂಡಿಯನ್ನು ಚುಕ್ಕಿಯಿಂದ ಇನ್ನೂ ಒಂದು ಕೂದಲೆಳೆ ಹಿಂದಕ್ಕೆ ತಿರುಗಿಸಿ, ನನ್ನ ಕಡೆ ನೋಡಿ ಕೇಳಿದಳು, “ಸಾಕಾ ದೊಡ್ಡಮ್ಮ?”

ಆ ‘ಸ’ ನನಗೆ ಸರಿಯಾಗಿ ಕೇಳಿಸಿತು.